ವೆಲ್ಡಿಂಗ್ ಕಲಿಯುವವರಿಗೆ ರಾಡ್ ಕೊಡಿ

ಸಂಪಾದಕರೇ,

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಷನ್ ಶಾಪ್ ಇದೆ. ಹೋದ ತಿಂಗಳು ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದ. ಐಟಿಐನಲ್ಲಿ 1 ವರ್ಷದ ವೆಲ್ಡರ್ ಟ್ರೇಡ್ ಮುಗಿಸಿದ್ದ. ಆರ್ಕ್, ಮಿಗ್, ಟಿಗ್ ಎಂಬ ಮೂರು ಬಗೆಯ ವೆಲ್ಡಿಂಗ್‌ಗಳ ವ್ಯತ್ಯಾಸ ಸರಿಯಾಗಿಯೇ ಹೇಳಿದ. ಆದರೆ ಟಿಗ್‌ನ ಟಾರ್ಚ್, ಅಂದರೆ ಬೆಸುಗೆ ಹಾಕಲು ಕೈಯಲ್ಲಿ ಹಿಡಿಯುವ ಸಾಧನ, ಕೊಟ್ಟಾಗ ಕೈ ನಡುಗಿತು. ಟಿಗ್ ಮೆಷಿನ್ ಅವರಿಗೆ ದೂರದಿಂದ ತೋರಿಸಿದ್ದರಂತೆ, ಅಷ್ಟೇ. ಆರ್ಕ್‌ನಲ್ಲಿ ಕರಗಿಸಿ ಬೆಸೆಯುವ ರಾಡ್ ಕೂಡ ದಿನಕ್ಕೆ ಎರಡೇ ಸಿಗುತ್ತಿತ್ತಂತೆ. ತಪ್ಪು ಅವನದಲ್ಲ.

ವೆಲ್ಡಿಂಗ್ ಕೈಗೆ ಕೂರಬೇಕಾದ ವಿದ್ಯೆ. ಆರ್ಕ್‌ನಲ್ಲಿ ರಾಡ್ ಕರಗಿ ಚಿಕ್ಕದಾದಂತೆ ಕೈಯೂ ಇಳಿಯುತ್ತಾ ಹೋಗಬೇಕು. ಅಂತರ ಜಾಸ್ತಿಯಾದರೆ ಕಿಡಿ ಸಿಡಿಯುತ್ತದೆ, ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ. ಮಿಗ್‌ನಲ್ಲಿ ವೈರ್ ತಾನಾಗಿಯೇ ಬರುವುದರಿಂದ ಸುಲಭ ಅನಿಸುತ್ತದೆ. ಆದರೆ ಫ್ಯಾನ್ ಗಾಳಿ ಬಡಿದರೂ ಸಾಕು, ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್ ಚದುರಿ ಬೆಸುಗೆಯೊಳಗೆ ತೂತು ಬೀಳುತ್ತದೆ. ಟಿಗ್‌ನಲ್ಲಿ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫಿಲ್ಲರ್, ಅಂದರೆ ಕರಗಿಸಿ ತುಂಬುವ ಕಡ್ಡಿ. ಎರಡೂ ಕೈ ಒಂದೇ ತಾಳಕ್ಕೆ ಬರಲು ವಾರಗಟ್ಟಲೆ ಬೇಕು. ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಕಲಿಸಲು ಆಗುತ್ತಾ?

ರಾಡ್, ಗ್ಯಾಸ್‌ಗೆ ಸರ್ಕಾರ ಐಟಿಐಗಳಿಗೆ ಧಾರಾಳವಾಗಿ ಹಣ ಕೊಡಲಿ. ಅಭ್ಯಾಸಕ್ಕೆ ಬೇಕಾದ ತುಂಡು ಕಬ್ಬಿಣವನ್ನು ನಮ್ಮಂಥವರು ಸುಮ್ನೆ ಗುಜರಿಗೆ ಹಾಕುತ್ತೇವೆ. ಕೇಳಿದರೆ ಖಂಡಿತ ಕೊಡುತ್ತೇವೆ. ಕಲಿಯುವ ಪ್ರತಿಯೊಬ್ಬರಿಗೂ ಸ್ವಂತ ಹೆಲ್ಮೆಟ್, ಚರ್ಮದ ಗ್ಲೌಸ್ ಇರಲಿ. ಆರ್ಕ್ ಬೆಳಕು ಹೊಡೆದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಹಾಕಿದಂತೆ ಉರಿಯುತ್ತದೆ, ನಾನು ಅನುಭವಿಸಿದ್ದೇನೆ.

ಆ ಹುಡುಗನನ್ನು ಸೇರಿಸಿಕೊಂಡಿದ್ದೇನೆ. ದಿನಾ ಸಂಜೆ ಒಂದು ತಾಸು ತುಂಡು ಪೈಪ್ ಮೇಲೆ ಟಿಗ್ ಅಭ್ಯಾಸ ಮಾಡುತ್ತಿದ್ದಾನೆ.

– ಫ್ಯಾಬ್ರಿಕೇಷನ್ ಶಾಪ್ ಮಾಲೀಕ, ಪೀಣ್ಯ, ಬೆಂಗಳೂರು