ತವರದ ಸೀಮೆಯ ಲಿಥಿಯಂ: ಕಲ್ಲಿನಲ್ಲಿದ್ದರೆ ಸಾಲದು

ಮಾನ್ಯ ಸಂಪಾದಕರೆ,

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹಳೆಯ ತವರದ ಸೀಮೆಯಲ್ಲಿ ಲಿಥಿಯಂ ಗಣಿ ಬರಲಿದೆ ಎಂಬ ಸುದ್ದಿಗಳನ್ನು ಓದಿದರೆ, ಮುಚ್ಚಿದ ಸುರಂಗದ ಬಾಗಿಲು ತೆರೆದು ಒಳಗಿರುವುದನ್ನು ಹೊತ್ತು ತರುವುದಷ್ಟೇ ಬಾಕಿ ಎನ್ನಿಸುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆಳಗಣಿಯ ಕಸುಬು ತಂದವರು ಇದೇ ಕಾರ್ನ್‌ವಾಲ್‌ನವರು. ಮಂಡ್ಯ ಜಿಲ್ಲೆಯಲ್ಲೂ ಲಿಥಿಯಂ ಹುಡುಕಾಟ ನಡೆದಿದೆ. ಆದ್ದರಿಂದ ಅಲ್ಲಿನ ಲೆಕ್ಕವನ್ನು ನಾವೂ ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಕರಗಿದ ಗ್ರಾನೈಟ್ ತಣ್ಣಗಾಗುತ್ತ ಬಂದಂತೆ ಸಾಮಾನ್ಯ ಹರಳುಗಳಲ್ಲಿ ಜಾಗ ಸಿಗದ ತವರ, ಲಿಥಿಯಂ, ಫ್ಲೋರಿನ್, ಬೋರಾನ್‌ಗಳು ಕೊನೆಯ ರಸದಲ್ಲಿ ಸೇರಿಕೊಳ್ಳುತ್ತವೆ. ತವರ, ಲಿಥಿಯಂ ಎರಡೂ ಒಂದೇ ಸೀಮೆಯಲ್ಲಿ ಸಿಗುವುದು ಹೀಗೆ. ಆದರೆ ಕಾರ್ನ್‌ವಾಲ್‌ನಲ್ಲಿ ತವರ ಕಡಿದಾದ ಸಿರೆಗಳಲ್ಲಿ (ಬಂಡೆಯ ಬಿರುಕು ತುಂಬಿದ ಅದಿರಿನ ಪಟ್ಟಿಗಳಲ್ಲಿ) ಕೂತಿತು, ಲಿಥಿಯಂ ಗ್ರಾನೈಟಿನ ಮೈಯಲ್ಲೇ ಕಾಗೆಬಂಗಾರದ (ಅಭ್ರಕ, ಮೈಕಾ) ಪದರಗಳೊಳಗೆ ಉಳಿಯಿತು. ಸಿರೆ ಹಿಡಿದು ಆಳಕ್ಕಿಳಿದ ಸೌತ್ ಕ್ರಾಫ್ಟಿ ಗಣಿ 1998ರಲ್ಲಿ ಮುಚ್ಚಿತು. ಅದನ್ನು ಈಗ ಮತ್ತೆ ತೆರೆಯಲು ಹೊರಟಿರುವುದೂ ತವರಕ್ಕಾಗಿಯೇ. ಲಿಥಿಯಂ ಯೋಜನೆಗಳು ಅದರ ಪೂರ್ವಕ್ಕೆ, ಸೇಂಟ್ ಆಸ್ಟೆಲ್ ಸುತ್ತಲಿನ ಪಿಂಗಾಣಿ ಮಣ್ಣಿನ ತೆರೆದ ಗುಂಡಿಗಳಲ್ಲಿವೆ.

ಅಲ್ಲಿ ಇಮೆರಿಸ್ ಕಂಪನಿ 2023ರಲ್ಲಿ ಹೇಳಿದ ಅಂದಾಜು 16.1 ಕೋಟಿ ಟನ್ ಕಲ್ಲು, ಅದರಲ್ಲಿ ಶೇ 0.54 ಲಿಥಿಯಂ ಆಕ್ಸೈಡ್. ಗುರಿ ವರ್ಷಕ್ಕೆ 20,000 ಟನ್ ಲಿಥಿಯಂ ಕಾರ್ಬೊನೇಟ್, ಅಂದರೆ ಬ್ಯಾಟರಿಗೆ ಬಳಸುವ ರೂಪ. ಒಂದು ಟನ್ ಕಲ್ಲಿನಲ್ಲಿ 5.4 ಕಿಲೊ ಆಕ್ಸೈಡ್, ಅಂದರೆ ಸುಮಾರು 13 ಕಿಲೊ ಕಾರ್ಬೊನೇಟ್ ಆಯಿತು. ಮೂರರಲ್ಲಿ ಎರಡು ಪಾಲು ಕೈಗೆ ಸಿಕ್ಕಿತೆಂದು ಇಟ್ಟುಕೊಂಡರೆ 9 ಕಿಲೊ. ಗುರಿ ಮುಟ್ಟಲು ವರ್ಷಕ್ಕೆ 22 ಲಕ್ಷ ಟನ್ ಕಲ್ಲು ಒಡೆಯಬೇಕು.

ಒಡೆಯುವುದು ಸುಲಭದ ಭಾಗ. ಕಲ್ಲನ್ನು ಅರೆದು, ಕಾಗೆಬಂಗಾರವನ್ನು ಅಯಸ್ಕಾಂತದಿಂದಲೋ ನೊರೆತೇಲಿಕೆಯಿಂದಲೋ (ರಾಸಾಯನಿಕ ಬೆರೆಸಿ ಗುಳ್ಳೆಗಳಿಗೆ ಅಂಟಿಸಿ ತೇಲಿಸುವುದು) ಬೇರ್ಪಡಿಸುತ್ತಾರೆ. ಅದರಲ್ಲಿ ಕಬ್ಬಿಣ ಇದ್ದರಷ್ಟೇ ಅಯಸ್ಕಾಂತ ಎಳೆಯುತ್ತದೆ. ಕಬ್ಬಿಣ ಕಡಿಮೆಯಿರುವ ಬಗೆಯಾದರೆ ಆ ದಾರಿ ಮುಚ್ಚಿತು. ಅತಿಯಾಗಿ ಅರೆದರೆ ಲಿಥಿಯಂ ನುಣ್ಣನೆಯ ಕೆಸರಿನ ಜೊತೆ ಹರಿದುಹೋಗುತ್ತದೆ. ಪಿಂಗಾಣಿ ಮಣ್ಣು ಸರಿಯಾಗಿ ತೊಳೆದು ಹೋಗದಿದ್ದರೆ ಕಾಗೆಬಂಗಾರದ ಹಾಳೆಗಳ ಮೇಲೆ ಮೆತ್ತಿಕೊಂಡು ತೇಲಿಕೆಯ ರಾಸಾಯನಿಕವನ್ನೆಲ್ಲ ತಾನೇ ಕುಡಿಯುತ್ತದೆ.

ಆಮೇಲೆ ಹುರಿಯುವ ಕೆಲಸ. ಜಿಪ್ಸಂ, ಸುಣ್ಣಕಲ್ಲು ಅಥವಾ ಸೋಡಿಯಂ ಸಲ್ಫೇಟ್ ಬೆರೆಸಿ ಸುಮಾರು 850ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದು ಇದರ ಹಳೆಯ ದಾರಿ. ಶಾಖ ಕಡಿಮೆಯಾದರೆ ಪದರ ಬಿಡುವುದಿಲ್ಲ. ಹೆಚ್ಚಾದರೆ ಮಿಶ್ರಣ ಕರಗಿ ಗಾಜಿನಂತೆ ಗಟ್ಟಿಯಾಗಿ ಲಿಥಿಯಂ ಅದರೊಳಗೇ ಸೆರೆ. ಕಿಲ್ನ್‌ನ (ಸುಡುವ ಗೂಡಿನ) ಗೋಡೆಗೆ ಉಂಗುರ ಕಟ್ಟಿ ಕೆಲಸವೂ ನಿಲ್ಲುತ್ತದೆ. ಕಾಗೆಬಂಗಾರದಲ್ಲಿ ಫ್ಲೋರಿನ್ ಇರುವುದರಿಂದ ಹೊಗೆಯನ್ನು ತೊಳೆಯದೆ ಬಿಡುವಂತಿಲ್ಲ. ಹುರಿದದ್ದನ್ನು ನೀರಲ್ಲಿ ಕದಡಿದರೆ ಲಿಥಿಯಂ ಜೊತೆ ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಎಲ್ಲ ಇಳಿಯುತ್ತವೆ. ಅವುಗಳನ್ನು ಸೋಸಿ, ಕೊನೆಗೆ 90 ಡಿಗ್ರಿ ದಾಟಿದ ಬಿಸಿಯಲ್ಲಿ ಸೋಡಿಯಂ ಕಾರ್ಬೊನೇಟ್ ಹಾಕಬೇಕು, ಏಕೆಂದರೆ ಲಿಥಿಯಂ ಕಾರ್ಬೊನೇಟ್ ಬಿಸಿನೀರಿನಲ್ಲಿ ಕರಗುವುದು ಕಡಿಮೆ. ಹುರಿಯದೆ ಆಮ್ಲದಲ್ಲೇ ಕರಗಿಸುವ ವಿಧಾನಗಳೂ ಇವೆ. ಅಲ್ಲಿ ಇಂಧನದ ಖರ್ಚು ಆಮ್ಲದ ಖರ್ಚಾಗುತ್ತದೆ, ಅಷ್ಟೆ.

ತವರದ ಸೀಮೆಗಳೆಲ್ಲ ಹೀಗೆಯೇ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಷಸ್‌ನಲ್ಲಿ 1888ರಿಂದ ತವರ ತೆಗೆದರು. ಅಲ್ಲಿಯ ಲಿಥಿಯಂ ಸ್ಪಾಡ್ಯುಮಿನ್ ಖನಿಜದಲ್ಲಿದೆ. ಅದನ್ನು ಶೇ 6 ಆಕ್ಸೈಡ್‌ವರೆಗೆ ಸಾಂದ್ರ ಮಾಡಬಹುದು. ಕಾಗೆಬಂಗಾರದಲ್ಲಿ ಶೇ 2ರಿಂದ 4 ಬಂದರೆ ಹೆಚ್ಚು. ಲಿಥಿಯಂ ಕಾರ್ಬೊನೇಟ್‌ಗೆ ಚೀನಾದ ಬೆಲೆ 2022ರ ಕೊನೆಗೆ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಇದ್ದದ್ದು 2024ರಲ್ಲಿ 1 ಲಕ್ಷದ ಕೆಳಗೆ ಬಿತ್ತು. ಇಂಥ ಕುಸಿತದಲ್ಲಿ ಮೊದಲು ತತ್ತರಿಸುವುದು ಕಾಗೆಬಂಗಾರ ಹುರಿಯುವವರು.

ಕಾರ್ನ್‌ವಾಲ್‌ನ ಹಳೆಯ ಗಣಿಗಳೊಡನೆ ನಿಜವಾದ ನಂಟಿರುವುದು ನೀರಿನಲ್ಲಿರುವ ಲಿಥಿಯಂಗೆ. ವೀಲ್ ಕ್ಲಿಫರ್ಡ್ ಗಣಿಯ ಬಿಸಿನೀರಿನಲ್ಲಿ ಲಿಥಿಯಂ ಇದೆಯೆಂದು 1864ರಲ್ಲೇ ಪತ್ತೆಯಾಗಿತ್ತು. ಈಗ ಹತ್ತಿರದ ಯುನೈಟೆಡ್ ಡೌನ್ಸ್‌ನಲ್ಲಿ 5 ಕಿಲೊಮೀಟರ್‌ಗೂ ಆಳದ ಭೂಶಾಖದ ಬಾವಿ ಇದೆ. ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಲಿಥಿಯಂ. ಹೀರಿಕೊಳ್ಳುವ ಪದಾರ್ಥದ ಮೂಲಕ ಹಾಯಿಸಿ ನೀರನ್ನು ಮರಳಿ ಇಳಿಸುತ್ತಾರೆ. ತ್ಯಾಜ್ಯದ ಗುಡ್ಡ ಏಳುವುದಿಲ್ಲ. ನನಗೆ ಹೆಚ್ಚು ಭರವಸೆ ಇರುವುದು ಈ ಸಣ್ಣ ದಾರಿಯ ಮೇಲೆ.

ಏಕೆಂದರೆ ಗುಡ್ಡವೇ ದೊಡ್ಡ ಪ್ರಶ್ನೆ. ಹುರಿಯುವಾಗ ಬೆರೆಸಿದ್ದೂ ಸೇರಿ ಉಳಿಕೆಯ ತೂಕ ಅಗೆದ ಕಲ್ಲಿಗಿಂತ ಕಡಿಮೆಯೇನಾಗದು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ದೂಳು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ನ್‌ವಾಲ್‌ಗೂ ಪಾಠವಾಗಿದೆ: ವೀಲ್ ಜೇನ್ ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ 1992ರ ಜನವರಿಯಲ್ಲಿ ಸುಮಾರು 5 ಕೋಟಿ ಲೀಟರ್ ಆಮ್ಲನೀರು ಕ್ಯಾಡ್ಮಿಯಂ, ಸತುವಿನ ಸಮೇತ ಕಾರ್ನನ್ ನದಿಗೆ ನುಗ್ಗಿತು.

ನಮ್ಮ ಮಂಡ್ಯದ ಮರಳಗಾಲ–ಅಲ್ಲಾಪಟ್ಟಣದಲ್ಲಿ ಸರ್ಕಾರ ಹೇಳಿರುವುದು 1,600 ಟನ್ ಲಿಥಿಯಂ. ಅದನ್ನು ಲೋಹವೆಂದೇ ಎಣಿಸಿದರೂ ಸುಮಾರು 8,500 ಟನ್ ಕಾರ್ಬೊನೇಟ್. ಕಾರ್ನ್‌ವಾಲ್‌ನ ಆ ಒಂದು ಘಟಕದ ಅರ್ಧ ವರ್ಷದ ಗುರಿಗೂ ಸಾಲದು. ಅದೂ ಸ್ಪಾಡ್ಯುಮಿನ್ ಇರುವ ಕಲ್ಲು, ಕಾರ್ನ್‌ವಾಲ್‌ನ ಪಾಕ ಇಲ್ಲಿ ನಡೆಯದು.

ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಟನ್ನಿನ ಪಕ್ಕದಲ್ಲಿ ನಾಲ್ಕು ವಿವರ ಕೇಳಿ ಹಾಕಿರೆಂದು ವಿನಂತಿ: ಯಾವ ಖನಿಜ, ಶೇಕಡಾ ಎಷ್ಟು ಆಕ್ಸೈಡ್, ಎಷ್ಟು ಪಾಲು ಕೈಗೆ ಸಿಗುತ್ತದೆ, ಉಳಿಕೆಯನ್ನು ಎಲ್ಲಿ ಸುರಿಯುತ್ತಾರೆ.

– ಖನಿಜ ಸಂಸ್ಕರಣಾ ಎಂಜಿನಿಯರ್, ರಾಬರ್ಟ್‌ಸನ್‌ಪೇಟೆ, ಕೆಜಿಎಫ್