ಹಲಗೆಯ ಬೀಗದ ಕೈ ಊರಿಗೇ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆದರೂ ಹೊಳೆಬದಿಯ ನಮಗೆ ನೀರಿನದ್ದೇ ಚಿಂತೆ. ಮಳೆ ನಿಂತು ಹೊಳೆ ಸೊರಗಿದ ಕೂಡಲೇ ಸಮುದ್ರದ ಭರತದ ಜೊತೆ ಉಪ್ಪುನೀರು ಹೊಳೆಯಲ್ಲಿ ಮೇಲೆ ಬರುತ್ತದೆ. ಅದನ್ನು ತಡೆಯಲಿಕ್ಕೆಂದೇ ಕಿಂಡಿ ಅಣೆಕಟ್ಟು ಇರುವುದು. ಅದರ ಕಿಂಡಿಗಳನ್ನು ಮುಚ್ಚುವ ಹಲಗೆ ಹಾಕುವುದು ಯಾವಾಗ? ನಮ್ಮೂರ ಜಗಳ ಇಷ್ಟೇ.

ಅಣೆಕಟ್ಟಿನ ಹತ್ತಿರದ ಮನೆಯವರಿಗೆ ಬೇಗ ಹಾಕಬೇಕು, ಇಲ್ಲದಿದ್ದರೆ ಬಾವಿ ಉಪ್ಪಾಗುತ್ತದೆ. ಮೇಲಿನ ಬೈಲಿನವರಿಗೆ ಕೊಯ್ಲು ಮುಗಿಯುವ ತನಕ ಹಾಕಬಾರದು, ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಎರಡು ವರ್ಷದ ಹಿಂದೆ ರಾತ್ರೋರಾತ್ರಿ ಯಾರೋ ನಾಲ್ಕು ಹಲಗೆ ಕಿತ್ತರು. ವಿಷಯ ಠಾಣೆ ಹತ್ತಿತು. ಅಕ್ಕಪಕ್ಕದವರು ಮದುವೆಗೂ ಕರೆಯದ ಹಾಗಾಯಿತು.

ಕೊನೆಗೆ ಅಣೆಕಟ್ಟಿನ ಹತ್ತಿರ, ಕೆಳಗಿನ ಮನೆಯೊಂದರಲ್ಲಿ ಕೂತೆವು. ಬೈಲಿನ ಹಿರಿಯರೊಬ್ಬರು ಚಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಇದೆಂಥ ಮಾರಾಯ್ರೆ, ಉಪ್ಪು ಹಾಕಿದ್ದಾ?”

“ಹಾಕಿದ್ದಲ್ಲ, ಬಾವಿಯದ್ದೇ,” ಎಂದರು ಮನೆಯ ಅಮ್ಮ.

ಮತ್ತೆ ಯಾರೂ ಜೋರು ಮಾತಾಡಲಿಲ್ಲ. ಮರುದಿನ ಕೆಳಗಿನವರೂ ಬೈಲಿಗೆ ಹೋಗಿ, ನೀರಲ್ಲಿ ಮಲಗಿ ಮೊಳಕೆ ಬಂದ ತೆನೆ ನೋಡಿ ಬಂದರು.

ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಸುಬ್ರಹ್ಮಣ್ಯ ಷಷ್ಠಿಯೊಳಗೆ ಕೊಯ್ಲು ಮುಗಿಸುವುದು. ಯಾರದ್ದಾದರೂ ಬಾಕಿಯಾದರೆ ಎಲ್ಲರೂ ಆ ಗದ್ದೆಗೆ ಇಳಿಯುವುದು. ಷಷ್ಠಿಯ ಮರುದಿನ ಹಲಗೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚೆ ತೆಗೆಯುವುದು, ಮಳೆ ಬೇಗ ಬಂದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದಲ್ವಾ?

ಇದೇನೂ ಹೊಸತಲ್ಲ. ಹಿಂದೆ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಊರವರೇ ಹೊಳೆಗೆ ಕಟ್ಟ ಕಟ್ಟುತ್ತಿದ್ದರು. ಕಟ್ಟಿದವರೇ ದಿನವನ್ನೂ ನಿಶ್ಚಯಿಸುತ್ತಿದ್ದರು. ನೀರು, ಕಾಡು, ಮೀನನ್ನು ಜನರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಅಜ್ಜಂದಿರಿಗೆ ಒಂದು ಶಾಲೂ ಸಿಗಲಿಲ್ಲ, ಬಿಡಿ.

ಕಳೆದ ವರ್ಷ ಷಷ್ಠಿಗೆ ಮುಂಚೆಯೇ ಕೊಯ್ಲು ಮುಗಿಸಿದೆವು. ಆದರೆ ಹಲಗೆ ಇಟ್ಟ ಕೋಣೆಯ ಬೀಗದ ಕೈ ಗುತ್ತಿಗೆದಾರರಲ್ಲಿತ್ತು. ಗುತ್ತಿಗೆದಾರರು ಕಚೇರಿಯ ಆದೇಶ ಬರಲಿ ಎಂದರು. ಹದಿನೆಂಟು ದಿನ ಸುಮ್ನೆ ಹೋಯಿತು, ಉಪ್ಪು ಏರಿತು. ಬೈಲಿನವರದ್ದೇ ಕಿತಾಪತಿ ಎಂದು ಹಳೇ ಮಾತು ಮತ್ತೆ ಶುರುವಾಯಿತು. ಅವರ ತಪ್ಪು ಒಂದು ಚೂರೂ ಇರಲಿಲ್ಲ.

ಹೊಸ ಅಣೆಕಟ್ಟು ಕೇಳುತ್ತಿಲ್ಲ. ನಮ್ಮ ಹಾಳೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಲು ಹೇಳಿ. ಒಂದು ಬೀಗದ ಕೈ ಪಂಚಾಯತ್‌ನಲ್ಲಿ ಇರಲಿ. ಕೊಳೆತ ಹಲಗೆ ಬದಲಾಯಿಸಿಕೊಡಿ, ಹಾಕುವ ಕೆಲಸ ನಾವೇ ಮಾಡುತ್ತೇವೆ. ಷಷ್ಠಿಗೆ ಇನ್ನು ಮೂರು ವಾರ ಇದೆ.

ಇತಿ,
ನಿಮ್ಮ ಕ್ಷೇತ್ರದ ಹೊಳೆಬದಿಯ ಮತದಾರ, ಉಡುಪಿ