ಖಾರಪುಡಿಯ ಕಳ್ಳ ಬಣ್ಣ ನೀರಿನ ಲೋಟದಲ್ಲಿ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಖಾರ ಕುಟ್ಟಿಸುವ ದಿನಗಳಲ್ಲಿ ನಮ್ಮ ಸಿರುಗುಪ್ಪದ ಗಿರಣಿಗಳ ಮುಂದೆ ಒಂದು ಮಾತು ಕೇಳಿಬರುತ್ತಲೇ ಇರುತ್ತದೆ: 'ಲೋಟದ ನೀರಿಗೆ ಚಿಟಿಕೆ ಪುಡಿ ಉದುರಿಸಿ ನೋಡ್ರಿ, ಕೆಂಪು ಬಿಟ್ಟರೆ ಕಲಬೆರಕೆ.' ವಾಟ್ಸಾಪ್‌ನಲ್ಲೂ ಇದೇ ಓಡಾಡುತ್ತದೆ. ಈ ಪರೀಕ್ಷೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ನೀರಿನಲ್ಲಿ ಕರಗುವ ಬಣ್ಣ ಹಾಕಿದ್ದರೆ ಕೆಂಪು ಗೆರೆಗಳು ತಳಕ್ಕೆ ಇಳಿಯುವುದು ಕಾಣುತ್ತದೆ. ಸುಡಾನ್ ಎಂಬ, ಆಹಾರಕ್ಕೆ ಹಾಕಬಾರದ ಕೃತಕ ಬಣ್ಣ ಹಾಕಿದ್ದರೆ? ಅದು ಕರಗುವುದು ಎಣ್ಣೆಯಲ್ಲಿ. ಲೋಟದ ನೀರು ಗುಟ್ಟು ಬಿಡುವುದಿಲ್ಲ.

ಹಾಗಾದರೆ ಎಣ್ಣೆಗೇ ಹಾಕಿ ನೋಡೋಣ ಅಂದರೆ ಅದೂ ಆಗಲ್ಲ. ಮೆಣಸಿನಕಾಯಿಯ ಸ್ವಂತ ಕೆಂಪು, ಅಂದರೆ ಕ್ಯಾಪ್ಸಾಂಥಿನ್, ಎಣ್ಣೆಯಲ್ಲೇ ಕರಗುತ್ತದೆ. ಎರಡು ಕೆಂಪು ಬೆರೆತ ಮೇಲೆ ಕಣ್ಣಿಗೆ ಗುರುತು ಹತ್ತುವುದಿಲ್ಲ. ಬೇರ್ಪಡಿಸಿದರೆ ಮಾತ್ರ ಹತ್ತುತ್ತದೆ. ಅದಕ್ಕಿರುವ ದಾರಿ ಕ್ರೊಮ್ಯಾಟೊಗ್ರಫಿ.

ಮಾಡುವುದು ಹೀಗೆ. ಪುಡಿಯನ್ನು ಅಸಿಟೋನ್ ಎಂಬ ದ್ರಾವಕದಲ್ಲಿ, ಅಂದರೆ ಬಣ್ಣ ಕರಗಿಸುವ ದ್ರವದಲ್ಲಿ, ನೆನೆಸಿ ಬಣ್ಣ ಇಳಿಸಬೇಕು. ಸಿಲಿಕಾ ಎಂಬ ನುಣ್ಣನೆಯ ಬಿಳಿ ಪುಡಿ ಬಳಿದ ತೆಳು ತಟ್ಟೆಯ ಕೆಳಗಡೆ ಅದರದೊಂದು ಚುಕ್ಕಿ, ಪಕ್ಕದಲ್ಲಿ ಶುದ್ಧ ಸುಡಾನ್‌ನದೊಂದು ಚುಕ್ಕಿ. ತಟ್ಟೆಯನ್ನು ಸ್ವಲ್ಪವೇ ದ್ರಾವಕ ಹಾಕಿದ ಜಾಡಿಯಲ್ಲಿ ನಿಲ್ಲಿಸಿ ಮುಚ್ಚಿದರೆ ಸಾಕು, ದ್ರಾವಕ ತಾನಾಗಿ ಮೇಲೇರುತ್ತದೆ. ಸಿಲಿಕಾಕ್ಕೆ ಜಾಸ್ತಿ ಅಂಟಿಕೊಳ್ಳುವ ವಸ್ತು ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಹೋಗುತ್ತದೆ. ಒಂದೇ ಕೆಂಪು ಅಂದುಕೊಂಡಿದ್ದು ನೋಡನೋಡುತ್ತ ಬಿಡಿಸಿಕೊಳ್ಳುತ್ತದೆ: ಎಲ್ಲಕ್ಕಿಂತ ಮೇಲೆ ಮೆಣಸಿನಕಾಯಿಯದೇ ಇನ್ನೊಂದು ಬಣ್ಣವಾದ ಕ್ಯಾರೊಟೀನ್‌ನ ಹಳದಿ, ಕೆಳಗೆ ಕ್ಯಾಪ್ಸಾಂಥಿನ್‌ನ ಕೆಂಪು ಪಟ್ಟಿಗಳು. ಶುದ್ಧ ಸುಡಾನ್ ಏರಿದ ಎತ್ತರದಲ್ಲೇ ನಮ್ಮ ಪುಡಿಯ ಸಾಲಿನಲ್ಲೂ ಅದೇ ಬಣ್ಣದ ಚುಕ್ಕಿ ನಿಂತರೆ ಅನುಮಾನ ಗಟ್ಟಿ. ಆಮೇಲೆ ಇದೇ ಕ್ರೊಮ್ಯಾಟೊಗ್ರಫಿಯನ್ನು ಇನ್ನೂ ಸೂಕ್ಷ್ಮವಾಗಿ ಮಾಡುವ ಲ್ಯಾಬಿನ ಎಚ್‌ಪಿಎಲ್‌ಸಿ ಯಂತ್ರ ಖಚಿತವಾಗಿ ಹೇಳುತ್ತದೆ, ಎಷ್ಟಿದೆ ಅನ್ನುವುದನ್ನೂ ಸೇರಿಸಿ.

ಇದೇನೂ ಹೊಸದಲ್ಲ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1906ರಲ್ಲೇ, ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಹಸಿರು, ಹಳದಿಗಳನ್ನು ಬೇರೆ ಮಾಡಿದ್ದನ್ನು ಪ್ರಕಟಿಸಿದ್ದರು. ಈಗ ಔಷಧ ಶುದ್ಧ ಮಾಡುವುದಕ್ಕೂ ಇಂಥದೇ ಕೊಳವೆ, ದೊಡ್ಡ ಗಾತ್ರದಲ್ಲಿ.

ನನಗೆ ಸಂಕಟವಾಗುವುದು ರೈತರ ವಿಷಯಕ್ಕೆ. ಬ್ಯಾಡಗಿ ತಳಿ ಹುಟ್ಟಿನಿಂದಲೇ ಕಡುಕೆಂಪು. ಅದನ್ನೇ ನೋಡಿ 'ಬಣ್ಣ ಹಾಕಿದ್ದಾರೆ' ಅಂತ ಸುಮ್ನೆ ಹೇಳಿಬಿಡುತ್ತಾರೆ. ಸುಡಾನ್ ಬೆರೆಸುವವನೋ ಲೋಟದ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಾನೆ. 2005ರಲ್ಲಿ ಬ್ರಿಟನ್‌ನಲ್ಲಿ ಒಂದು ಸಾಸ್‌ಗೆ ಬಳಸಿದ್ದ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್ 1 ಸಿಕ್ಕಿ, ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದರು. ಬೆರೆಸಿದವರು ಯಾರೋ, ಹೆಸರು ಕೆಟ್ಟಿದ್ದು ನಮ್ಮ ಮೆಣಸಿನಕಾಯಿಯದು ಅಲ್ವಾ?

ಪ್ರಥಮ ಪಿಯು ಪುಸ್ತಕದಲ್ಲಿ ಕ್ರೊಮ್ಯಾಟೊಗ್ರಫಿಯ ಪಾಠ ಇದೆ. ಎಷ್ಟೋ ಕಡೆ ಚಿತ್ರ ಬರೆಸಿ ಮುಗಿಸುತ್ತಾರೆ. ಫಿಲ್ಟರ್ ಪೇಪರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕಿ ಇಟ್ಟು, ತುದಿಯನ್ನು ನೀರಿಗೆ ತಾಗಿಸಿ ತೋರಿಸಿದಾಗ, ಕಪ್ಪಿನೊಳಗಿಂದ ನೀಲಿ, ಗುಲಾಬಿ ಹೊರಬರುವುದನ್ನು ನನ್ನ ವಿದ್ಯಾರ್ಥಿಗಳು ಬೆಂಚು ಬಿಟ್ಟೆದ್ದು ಬಂದು ನೋಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸರ್ಕಾರಿ ಪಿಯು ಕಾಲೇಜುಗಳಿಗೆ ಸಿಲಿಕಾ ತಟ್ಟೆ, ದ್ರಾವಕಗಳನ್ನು ಇಲಾಖೆ ಪ್ರತಿ ವರ್ಷ ಕೊಡಲಿ. ಮೆಣಸಿನಕಾಯಿ ಬೆಳೆಯುವ ಮನೆಗಳ ಮಕ್ಕಳೇ ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಇನ್ನೊಂದು, ಖಾರಪುಡಿಯ ಮಾದರಿಯನ್ನು ಎಲ್ಲಿ ಕೊಡಬೇಕು, ಎಷ್ಟು ಖರ್ಚು, ಎಷ್ಟು ದಿನಕ್ಕೆ ವರದಿ ಎಂಬುದನ್ನು ಆಹಾರ ಸುರಕ್ಷತಾ ಅಧಿಕಾರಿಗಳು ಎಪಿಎಂಸಿ ಯಾರ್ಡುಗಳಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕಿ ತಿಳಿಸಲಿ.

– ರಸಾಯನಶಾಸ್ತ್ರ ಉಪನ್ಯಾಸಕಿ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ